ಹನ್ನೆರಡನೆಯ ಆಟಗಾರನ ರಕ್ತದೊತ್ತಡ

ನಮ್ಮ ಲೊಮಾರೊಸಾದಲ್ಲಿ ಯಾರನ್ನು ಬೇಕಾದರೂ ಬೈಯಬಹುದು. ಮೇಯರನ್ನು ಬೈಯಬಹುದು, ಪಾದ್ರಿಯನ್ನು ಬೈಯಬಹುದು, ಸತ್ತು ಮೂರು ದಿನವಾಗದವರನ್ನೂ ಬೈಯಬಹುದು. ಆದರೆ ಊರಿನ ಬಾಸ್ಕೆಟ್‌ಬಾಲ್ ತಂಡವನ್ನು ಬೈಯುವ ಹಕ್ಕು ಟಿಕೆಟ್ ಕೊಂಡು ಒಳಗೆ ಕೂತವರಿಗೆ ಮಾತ್ರ. ತಂಡದ ಹೆಸರು ಹೋತಗಳು. ಬೆಟ್ಟದ ಮೇಲಿನ ಊರು, ಅದಕ್ಕೆ ಹೋತ. ಸಮುದ್ರದ ಪಕ್ಕದ ಪ್ಲಾಯಾ ಸೋರ್ದಾದವರು ಏಡಿಗಳು. ಅವರ ಹೆಸರು ಬಾಯಿಗೆ ಬಂದಾಗ ನಮ್ಮಲ್ಲಿ ಉಗುಳುವುದು ವಾಡಿಕೆ.

ನಾನು ಮೂವತ್ತೊಂದು ವರ್ಷ ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತನಾದವನು. ಈಗ ತಂಡದ ಅಂಕಪುಸ್ತಕ ಬರೆಯುತ್ತೇನೆ. ಯಾರು ಎಷ್ಟು ಹಾಕಿದರು, ಯಾರು ಎಷ್ಟು ಫೌಲ್ ಮಾಡಿದರು, ಎಲ್ಲ ನನ್ನ ಕೈಯಲ್ಲೇ ಆಗಬೇಕು. ಆದ್ದರಿಂದ ಕ್ಲೇತೊನ ವಿಷಯದಲ್ಲಿ ನಾನು ಹೇಳಿದ್ದೇ ಅಧಿಕೃತ. ಬೇಕರಿಯಲ್ಲಿ ಬೇರೆ ಥರ ಹೇಳುತ್ತಾರೆ. ಅದನ್ನು ನಂಬಬೇಡಿ.

ಕ್ಲೇತೊ ಎಂದರೆ ಅನಾಕ್ಲೇತೊ ಮರೇರೊ, ತಂಡದ ಬಸ್ಸಿನ ಡ್ರೈವರು. ವಯಸ್ಸು ನಲವತ್ತೇಳು, ಎತ್ತರ ಐದಡಿ ಐದಂಗುಲ, ಸುತ್ತಳತೆಯೂ ಹೆಚ್ಚುಕಡಿಮೆ ಅಷ್ಟೇ. ಇಪ್ಪತ್ತೆರಡು ವರ್ಷದಿಂದ ಅವನು ಓಡಿಸುವ ಬಸ್ಸಿಗೆ ನಾವು 'ಅಜ್ಜಿ' ಎನ್ನುತ್ತೇವೆ. ಹಿಂದೆ ಯಾವುದೋ ಶಾಲೆಯ ಮಕ್ಕಳನ್ನು ಹೊತ್ತು ಹಣ್ಣಾದ ಹಳದಿ ಬಸ್ಸು ಅದು. ಅಜ್ಜಿಯ ಎರಡನೇ ಗೇರು ಎಲ್ಲರ ಮಾತೂ ಕೇಳುವುದಿಲ್ಲ. ಕ್ಲೇತೊ ಮಾತ್ರ ಅದನ್ನು ಏನೋ ಮಾಡಿ ಒಲಿಸಿಕೊಂಡಿದ್ದ. ಹುಡುಗರು ದಾರಿಯುದ್ದಕ್ಕೂ "ಬೇಗ ಹೋಗೋ, ನಿಧಾನ ಹೋಗೋ" ಎಂದು ತಲೆ ತಿನ್ನುತ್ತಾರೆಂದು ಅವನೇ ಬಿಳಿ ಬಣ್ಣದಲ್ಲಿ ಮುಂದಿನ ಗಾಜಿನ ಮೇಲ್ಗಡೆ ಒಂದು ಬೋರ್ಡು ಬರೆದಿದ್ದ: 'ಆಟಗಾರರು ಚಾಲಕನೊಡನೆ ಮಾತಾಡಕೂಡದು.' ಅವನ ಹೆಂಡತಿ ಮಿಗ್ದಾಲಿಯಾ ಆಟಗಾರಳಲ್ಲವಾದ್ದರಿಂದ ಅವನ ಹಿಂದಿನ ಸೀಟಿನಲ್ಲಿ ಕೂತು ಇಪ್ಪತ್ತೆರಡು ವರ್ಷ ಮಾತಾಡಿದ್ದಳು.

ಇಂಥವನು ಆಟಗಾರನಾದದ್ದು ಹೀಗೆ. ಲೀಗಿನ ನಿಯಮದ ಪ್ರಕಾರ ಋತು ಶುರುವಾಗುವಾಗ ಪಟ್ಟಿಯಲ್ಲಿ ಹನ್ನೆರಡು ಹೆಸರು ಇರಲೇಬೇಕು. ನಮ್ಮ ಮಾಲೀಕರು ಡಾನ್ ಎಫ್ರೆನ್, ಮೊಳೆ ಸುತ್ತಿಗೆ ಮಾರುವ ಅಂಗಡಿಯವರು. ಹಿರಿಯ ಗಂಡಸರಿಗೆ 'ಡಾನ್', ಹೆಂಗಸರಿಗೆ 'ಡೋನ್ಯಾ' ಎನ್ನುವುದು ನಮ್ಮಲ್ಲಿ ಮರ್ಯಾದೆ. ಅವರ ಕೈಗೆ ಎಟುಕುವುದು ಹನ್ನೊಂದೇ ಆಟಗಾರರು. ಆಟಗಾರನಿಗೆ ಲೀಗು ಗೊತ್ತು ಮಾಡಿದ ಕನಿಷ್ಠ ಸಂಬಳ ತಿಂಗಳಿಗೆ ಒಂದೂವರೆ ಸಾವಿರ ಡಾಲರ್. ಕ್ಲೇತೊನ ಡ್ರೈವರ್ ಸಂಬಳವೂ ಒಂದೂವರೆ ಸಾವಿರ. ಡಾನ್ ಎಫ್ರೆನ್ ಒಂದೇ ದುಡ್ಡಿನಲ್ಲಿ ಎರಡು ಕೆಲಸ ಮುಗಿಸಿ, ಹನ್ನೆರಡನೆಯ ಸಾಲಿನಲ್ಲಿ ಅವನ ಹೆಸರು ಬರೆದರು. ಪಟ್ಟಿಯಲ್ಲಿ ಎತ್ತರ ಏರಿಸಿ ಬರೆಯುವುದು ಈ ದ್ವೀಪದ ಪ್ರತಿ ತಂಡದ ರೂಢಿ. ಆ ರೂಢಿಯ ಮೇಲೆ ಕೈ ತಾನಾಗಿ ಓಡಿ 'ಆರಡಿ ಎರಡಂಗುಲ, ವಯಸ್ಸು ಇಪ್ಪತ್ತೇಳು' ಎಂದು ಬರೆದುಬಿಟ್ಟರು.

ಅಲ್ಲಿಗೆ ಕ್ಲೇತೊನ ಹೆಗಲ ಮೇಲೆ ತಲೆ ನಿಲ್ಲಲಿಲ್ಲ. ಲೀಗು ಕೊಟ್ಟ ಗುರುತಿನ ಚೀಟಿಯನ್ನು ಪ್ಲಾಸ್ಟಿಕ್ ಹಾಕಿಸಿ ಕುತ್ತಿಗೆಗೆ ನೇತುಹಾಕಿಕೊಂಡ. ಬೇಕರಿಯಲ್ಲಿ ಸಾಲು ತಪ್ಪಿಸಿ ಮುಂದೆ ಹೋಗಿ, "ಆಟಗಾರರಿಗೆ ಹೊತ್ತಾಗತ್ತೆ, ಸ್ವಲ್ಪ ಬಿಡಿ" ಎನ್ನುತ್ತಿದ್ದ. ಎರಡು ವರ್ಷ ಬೆಂಚಿನ ಕೊನೆಯಲ್ಲಿ ತಂಡದ ಅಂಗಿ ಹಾಕಿಕೊಂಡು ಕೂತ. ಎರಡು ವರ್ಷ ನಾನೂ ಪ್ರತಿ ಪಂದ್ಯದಲ್ಲಿ ಕೊನೆಯ ಸಾಲಿನಲ್ಲಿ ಅವನ ಹೆಸರು ಬರೆದೆ. ಆ ಸಾಲಿನ ಮುಂದೆ ಒಂದು ಚುಕ್ಕೆಯೂ ಬೀಳಲಿಲ್ಲ.

ಈ ವರ್ಷ ನಮ್ಮ ಗ್ರಹಗತಿ ಚೆನ್ನಾಗಿತ್ತು. ಹತ್ತೊಂಬತ್ತು ವರ್ಷದ ಮೇಲೆ ಮೊದಲ ಸಲ, ಮುಂದಿನ ಸುತ್ತಿಗೆ ಹೋಗುವ ಎಂಟು ತಂಡಗಳಲ್ಲಿ ನಾವೂ ಸೇರುವ ಲಕ್ಷಣ ಕಂಡಿತ್ತು. ಅಷ್ಟರಲ್ಲಿ ಬುಟ್ಟಿಯ ಕೆಳಗೆ ನಿಲ್ಲುವ ನಮ್ಮ ಎತ್ತರದ ಆಳು ಹೆಂಚು ಸರಿಮಾಡಲು ಹೋಗಿ ಮನೆಯ ಮೇಲಿಂದ ಬಿದ್ದು ಕಾಲು ಮುರಿದುಕೊಂಡ. ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ಶುಕ್ರವಾರ ಸಂಜೆ ಐದರವರೆಗೆ ಗಡುವು. ಏಡಿಗಳ ಬೆಂಚಿನಲ್ಲಿ ವಿಲ್ನೆಲ್ಸನ್ ಎಂಬ ಮಹಾಕಾಯ ಸುಮ್ಮನೆ ಕೂತಿದ್ದ. ಅವರ ಕೋಚಿಗೂ ಅವನಿಗೂ ಆಗಿಬರುತ್ತಿರಲಿಲ್ಲ.

ಶುಕ್ರವಾರ ನಾಲ್ಕೂವರೆಗೆ ಡಾನ್ ಎಫ್ರೆನ್ ನನ್ನನ್ನು ಅಂಗಡಿಗೆ ಕರೆಸಿದರು. ಮೊಳೆ ಕಟ್ಟುವ ಕಾಗದದ ಮೇಲೆ ಅಂಕಿಗಳು ತುಂಬಿದ್ದವು.

"ಮೇಷ್ಟ್ರೇ, ಕೂತ್ಕೊಳಿ. ಕೊಡೋ ಸಂಬಳ, ತಗೊಳೋ ಸಂಬಳ ಎರಡೂ ಸಮ ಇರ್ಬೇಕು ಅಂತ ನಿಯಮ. ವಿಲ್ನೆಲ್ಸನ್‌ಗೆ ಆರು ಸಾವಿರ. ನಮ್ಮ ಯಾದಿಯೆಲ್‌ಗೆ ನಾಲ್ಕೂವರೆ. ಅವರು ಯಾದಿಯೆಲ್‌ನ ತಗೋತಾರೆ. ಎಷ್ಟು ಕಮ್ಮಿ ಬಿತ್ತು?"

"ಒಂದೂವರೆ."

"ಒಂದೂವರೆಯೋನು ಯಾರಿದಾನೆ ನಮ್ಮಲ್ಲಿ? ಪಟ್ಟಿ ನೋಡಿ. ಬೇಗ."

ನಾನು ಬೆರಳಿಟ್ಟು ಕೆಳಗೆ ಇಳಿದೆ. ಕೊನೆಯ ಸಾಲಿನಲ್ಲಿ ನಿಂತೆ. "ಅ. ಮರೇರೊ. ಒಂದೂವರೆ. ಸರಿಯಾಗಿ ಕೂಡ್ತು ನೋಡಿ, ಒಂದು ಸೆಂಟ್ ಹೆಚ್ಚಿಲ್ಲ, ಕಮ್ಮಿಯಿಲ್ಲ."

ಸುಳ್ಳು ಹೇಳುವುದಿಲ್ಲ, ಓದಿ ಹೇಳಿದವನು ನಾನೇ. ಮೂವತ್ತೊಂದು ವರ್ಷ ಲೆಕ್ಕ ಕಲಿಸಿದವನಿಗೆ ಉತ್ತರ ಸರಿಬಂತೆಂದರೆ ಆಚೆ ಈಚೆ ಏನೂ ಕಾಣಿಸುವುದಿಲ್ಲ. ಡಾನ್ ಎಫ್ರೆನ್ ಫೋನು ಮಾಡಿದರು, ಏಡಿಗಳ ಮಾಲೀಕ ಪಟ್ಟಿ ನೋಡಿ ಒಪ್ಪಿದ, ಇವರು ಸಹಿ ಹಾಕಿದರು. ನಾಲ್ಕು ಐವತ್ತೇಳಕ್ಕೆ ಕಾಗದ ಲೀಗಿನ ಕಚೇರಿಗೆ ಹೋಯಿತು. ನಾವಿಬ್ಬರೂ ಕೈ ಕುಲುಕಿ ಒಂದೊಂದು ಕಾಫಿ ತರಿಸಿದೆವು.

ಐದೂ ಐದಕ್ಕೆ ಹೊರಗೆ ಅಜ್ಜಿಯ ಹಾರನ್ ಕೇಳಿತು. ಕಿಟಕಿಯಿಂದ ಕ್ಲೇತೊ ತಲೆ ಹೊರಹಾಕಿ ಕೇಳಿದ:

"ಡಾನ್ ಎಫ್ರೆನ್, ಮುಂದಿನ ಪಂದ್ಯಕ್ಕೆ ಎಷ್ಟು ಗಂಟೆಗೆ ಹೊರಡೋದು?"

ಡಾನ್ ಎಫ್ರೆನ್ ಕಾಫಿಯನ್ನು ಬಾಯಿಯ ಹತ್ತಿರ ಹಿಡಿದಿದ್ದವರು ಹಾಗೆಯೇ ನಿಂತರು. ನಾನು ಸೀಲಿಂಗ್ ನೋಡಿದೆ. ಅಲ್ಲಿ ಬಕೆಟುಗಳು ನೇತಾಡುತ್ತಿದ್ದವು.

"ಮೇಷ್ಟ್ರೇ," ಎಂದರು ಮೆಲ್ಲಗೆ, "ನಾವು ಡ್ರೈವರ್‌ನ ಕೊಟ್ಬಿಟ್ವಾ?"

"ಆಟಗಾರನ್ನ ಕೊಟ್ವಿ," ಎಂದೆ. "ಡ್ರೈವರ್ ಜೊತೆಗೆ ಹೋದ."

ನಿಯಮದ ಪುಸ್ತಕ ತೆಗೆದು ನೋಡಿದೆವು. ಅದಲುಬದಲಾದವನು ಆ ಋತು ಮುಗಿಯುವವರೆಗೆ ಹಳೆಯ ತಂಡದಲ್ಲಿ ಯಾವ ಕೆಲಸವನ್ನೂ ಮಾಡುವಂತಿಲ್ಲ. ನೀರಿನ ಬಾಟಲಿಯನ್ನೂ ಮುಟ್ಟುವಂತಿಲ್ಲ. ಅದರ ಕೆಳಗಿನ ಸಾಲು ಇನ್ನೂ ಭಯಂಕರವಾಗಿತ್ತು. ಹೋದವರೆಲ್ಲ ಹೊಸ ತಂಡದ ವೈದ್ಯರ ಪರೀಕ್ಷೆಯಲ್ಲಿ ಸೋಮವಾರ ಮಧ್ಯಾಹ್ನದೊಳಗೆ ಪಾಸಾಗಬೇಕು. ಒಬ್ಬ ಫೇಲಾದರೂ ಇಡೀ ಅದಲುಬದಲು ರದ್ದು. ವಿಲ್ನೆಲ್ಸನ್ ವಾಪಸ್. ರಕ್ತದೊತ್ತಡ ನೂರನಲವತ್ತು ದಾಟಬಾರದು ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು.

ಕ್ಲೇತೊನನ್ನು ನೇರ ಔಷಧಿ ಅಂಗಡಿಗೆ ಎಳೆದುಕೊಂಡು ಹೋದೆವು. ನೂರ ಎಪ್ಪತ್ತೆರಡು.

"ಇದು ನೀವು ಹೇಳಿದ ಸುದ್ದಿಗೆ ಏರಿದ್ದು," ಎಂದ ಕ್ಲೇತೊ.

"ಸುದ್ದಿ ಹೇಳೋ ಮುಂಚೆ ಎಷ್ಟಿತ್ತು?"

"ನೂರ ಎಪ್ಪತ್ತು."

ಆ ಸಂಜೆ ರೇಡಿಯೊದಲ್ಲಿ ಏಡಿಗಳ ಮಾಲೀಕ, ಲಾಯರ್ ಸಿಂತ್ರೋನ್, ಗಂಟಲು ಸರಿಮಾಡಿಕೊಂಡು ಮಾತಾಡಿದ. ಅವನು ಪಟ್ಟಿಯನ್ನು ಓದಿದ್ದ, ಮನುಷ್ಯನನ್ನು ನೋಡಿರಲಿಲ್ಲ.

"ಎಲ್ಲರೂ ಯಾದಿಯೆಲ್ ಯಾದಿಯೆಲ್ ಅಂತಿದೀರಿ. ಯಾದಿಯೆಲ್ ಬರೀ ನೆಪ. ನನ್ನ ಕಣ್ಣಿದ್ದದ್ದು ಮರೇರೊ ಮೇಲೆ. ಆರಡಿ ಎರಡಂಗುಲ, ಇಪ್ಪತ್ತೇಳು ವರ್ಷ. ಎರಡು ವರ್ಷದಿಂದ ಅವನನ್ನ ಒಂದು ನಿಮಿಷ ಆಡ್ಸಿಲ್ಲ. ಯಾಕೆ? ಬಚ್ಚಿಟ್ಟಿದ್ರು ಸ್ವಾಮಿ. ಬೆಟ್ಟದೋರು ಬಲು ಕಿಲಾಡಿಗಳು. ಆದ್ರೆ ಅವರ ತಿಜೋರಿ ಕೀಲಿ ನನ್ನ ಕೈಲಿದೆ ಈಗ."

ಬೇಕರಿಯಲ್ಲಿ ನಗುತ್ತಾ ನಗುತ್ತಾ ಇಬ್ಬರಿಗೆ ಉಸಿರು ಸಿಕ್ಕಿಹಾಕಿಕೊಂಡಿತು. ಕ್ಲೇತೊ ನಗಲಿಲ್ಲ. ರೇಡಿಯೊದ ಹತ್ತಿರ ಹೋಗಿ, "ಇನ್ನೊಂದ್ಸಲ ಹೇಳ್ತಾನಾ?" ಎಂದು ಕೇಳಿದ.

ಮರುದಿನ ಬೆಳಿಗ್ಗೆ ಲೊಮಾರೊಸಾ ಪಣ ತೊಟ್ಟಿತು. ಮಾಡು ಇಲ್ಲವೆ ಮಡಿ. ಕ್ಲೇತೊನನ್ನು ಪಾಸು ಮಾಡಿಸಿ ಕಳಿಸಿಯೇ ಸಿದ್ಧ.

ಬೇಕರಿಯವನು ಅವನಿಗೆ ಬ್ರೆಡ್ಡು ಮಾರುವುದನ್ನು ನಿಲ್ಲಿಸಿದ. ಮಿಗ್ದಾಲಿಯಾ ಉಪ್ಪಿನ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟಳು. ಪಕ್ಕದ ಮನೆಯವಳು ನಂಬಿಕೆ ಸಾಲದೆ ಅದರಾಚೆಯ ಮನೆಗೆ ಕೊಟ್ಟಳು. ಬೆಳಿಗ್ಗೆ ಸಂಜೆ ಅವನನ್ನು ಊರ ಚೌಕದ ಸುತ್ತ ಹತ್ತು ಸುತ್ತು ನಡೆಸಿದರು. ಹಿಂದೆ ಇಬ್ಬರು ಪೊಲೀಸರು, ಮುಂದೆ ಒಂದು ನಾಯಿ. ನಾಯಿ ನಾಲ್ಕನೇ ಸುತ್ತಿಗೇ ಮಲಗಿತು. ಔಷಧಿ ಅಂಗಡಿಯವನು ಹೊರಗಿನ ಕಪ್ಪು ಹಲಗೆಯ ಮೇಲೆ ಪಂದ್ಯದ ಅಂಕದಂತೆ ಬರೆಯುತ್ತಿದ್ದ: ಶನಿವಾರ ಬೆಳಿಗ್ಗೆ, ನೂರ ಅರವತ್ತಾರು. ಸಂಜೆ, ನೂರ ಅರವತ್ತೊಂದು. ಜನ ನಿಂತು ಚಪ್ಪಾಳೆ ತಟ್ಟಿದರು.

ಪಾದ್ರಿ ಒಂದು ಹೆಜ್ಜೆ ಮುಂದೆ ಹೋದರು. ಸೋಮವಾರದವರೆಗೆ ಅನಾಕ್ಲೇತೊನಿಗೆ ಎದುರಾಡುವುದು ಪಾಪವೆಂದು ಪೂಜೆಯ ಮಧ್ಯೆಯೇ ಸಾರಿಬಿಟ್ಟರು. ಅದು ದೊಡ್ಡ ತಪ್ಪಾಯಿತು. ಮಂಗನಿಗೆ ಹೆಂಡ ಕುಡಿಸಿದ ಹಾಗಾಯಿತು. ಡೊಮಿನೊ ಆಟದಲ್ಲಿ ಎಲ್ಲರೂ ಅವನಿಗೆ ಸೋತರು. ಅವನು ಗೋಡೆಯ ಬಣ್ಣ ಚೆನ್ನಾಗಿಲ್ಲವೆಂದರೆ ಮನೆಯವರು ಹೌದೆಂದರು. ಕೊನೆಗೆ ಡಾನ್ ಎಫ್ರೆನ್‌ಗೇ ಹೇಳಿದ:

"ನೀವು ಎರಡು ವರ್ಷದಲ್ಲಿ ನನ್ನನ್ನ ಒಂದ್ಸಲನಾದ್ರೂ ಆಡಿಸ್ಬೇಕಿತ್ತು."

"ಹೌದಪ್ಪ."

"ನಾನಿದ್ದಿದ್ರೆ ಹೋದ ವರ್ಷನೇ ಗೆಲ್ತಿದ್ವಿ."

ಡಾನ್ ಎಫ್ರೆನ್ ಮುಖ ಕೆಂಪಾಯಿತು. ಅವರದೇ ರಕ್ತದೊತ್ತಡ ಏರುತ್ತಿತ್ತು. "ಹೌದಪ್ಪ," ಎಂದರು.

ಭಾನುವಾರ ಮಧ್ಯಾಹ್ನ ಅಪಾಯ ಬಂತು. ಕ್ಲೇತೊನ ಅತ್ತೆ ಡೋನ್ಯಾ ಪ್ರೋವಿ ಪ್ಲಾಯಾ ಸೋರ್ದಾದವಳು, ಹುಟ್ಟಾ ಏಡಿ. ಮಗಳನ್ನು ಬೆಟ್ಟಕ್ಕೆ ಕೊಟ್ಟದ್ದಕ್ಕೆ ಇಪ್ಪತ್ತೈದು ವರ್ಷದಿಂದ ಕೊರಗಿದವಳು. ಬಾಡಿಗೆ ಕಾರಿನಿಂದ ಇಳಿದಾಗ ಅವಳ ಕೈಯಲ್ಲಿ ಬಟ್ಟೆ ಕಟ್ಟಿದ ಒಂದು ದೊಡ್ಡ ಪಾತ್ರೆ. ಊರಿಗೆ ಊರೇ ಎಚ್ಚೆತ್ತಿತು.

"ಹಂದಿ ಮಾಂಸ," ಎಂದ ಬೇಕರಿಯವನು. "ಉಪ್ಪು ಹಾಕಿ ಒಣಗಿಸಿದ್ದು. ಇವತ್ತು ತಿನ್ಸಿದ್ರೆ ನಾಳೆ ನೂರ ತೊಂಬತ್ತು."

ಬಾಗಿಲಲ್ಲೇ ಪಾತ್ರೆಯನ್ನು ಕಿತ್ತುಕೊಂಡೆವು. ಸಾಕ್ಷ್ಯ ನಾಶವಾಗಬಾರದೆಂದು ಪೊಲೀಸರಿಬ್ಬರು, ಪಾದ್ರಿ, ಬೇಕರಿಯವನು ಮತ್ತು ನಾನು ಅಂಗಳದಲ್ಲೇ ಕೂತು ತಿಂದೆವು. ಎರಡು ತುತ್ತು ಹೋದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಿಹಿಗುಂಬಳದ ಗಂಜಿ. ಉಪ್ಪಿನ ವಾಸನೆಯೂ ಇಲ್ಲ. ಬಾಯಲ್ಲಿಟ್ಟರೆ ಒದ್ದೆ ಬಟ್ಟೆ ಅಗಿದ ಹಾಗಿತ್ತು.

ಡೋನ್ಯಾ ಪ್ರೋವಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. "ತಿಂದ್ರಾ? ಹೊಟ್ಟೆ ತುಂಬ್ತಾ? ಅಳಿಯಂದ್ರಿಗೆ ಅಂತ ಬೆಳಿಗ್ಗೆ ಐದಕ್ಕೆದ್ದು ಮಾಡಿದ್ದೆ."

"ಅಮ್ಮಾ, ನೀನು ಇವನು ಪಾಸಾಗ್ಲಿ ಅಂತೀಯಾ?" ಎಂದಳು ಮಿಗ್ದಾಲಿಯಾ. "ವಿಲ್ನೆಲ್ಸನ್ ನಿಮ್ಮ ಕೈ ತಪ್ಪಿ ಹೋಗ್ತಾನಲ್ಲ."

"ಹೋಗ್ಲಿ ಅವನು, ಉದ್ದ ಕಂಬ. ಇಪ್ಪತ್ತೈದು ವರ್ಷದಿಂದ ನೆರೆಹೊರೆಯೋರು ಕೇಳೋರು, ಅಳಿಯ ಏನ್ಮಾಡ್ತಾನೆ ಅಂತ. ಡ್ರೈವರ್ ಅನ್ನೋಕ್ಕೆ ನಾಚಿಕೆಯಾಗಿ ಸಾರಿಗೆ ಇಲಾಖೆ ಅಂತಿದ್ದೆ. ಶುಕ್ರವಾರದಿಂದ ರೇಡಿಯೊದಲ್ಲಿ ಇವರ ಹೆಸರು ಬರ್ತಿದೆ. ಬೀದಿ ಬೀದಿಯಲ್ಲಿ ಕೈ ಮುಗೀತಿದಾರೆ ನಂಗೆ." ಕ್ಲೇತೊನ ಕಡೆ ತಿರುಗಿದಳು. "ಅಳಿಯಂದ್ರೇ, ನಾಳೆ ಫೇಲಾಗಿ ಬಂದ್ರೋ, ನನ್ನ ಮನೆ ಮೆಟ್ಲು ಹತ್ಬೇಡಿ."

ಕ್ಲೇತೊ ಎದ್ದು ನಿಂತ. ಇಪ್ಪತ್ತೈದು ವರ್ಷದಲ್ಲಿ ಅತ್ತೆ ಅವನಿಗೆ ಬಹುವಚನ ಉಪಯೋಗಿಸಿದ್ದು ಅದೇ ಮೊದಲು.

ಆ ಸಂಜೆ ಚೌಕದ ಹತ್ತನೇ ಸುತ್ತಿನಲ್ಲಿ ನಾನು ಅವನ ಜೊತೆ ನಡೆದೆ. ಮನಸ್ಸು ತಡೆಯಲಿಲ್ಲ. ಪಟ್ಟಿಯಲ್ಲಿ ಬೆರಳಿಟ್ಟು ತೋರಿಸಿದವನು ನಾನೇ ಎಂದು ಹೇಳಿಬಿಟ್ಟೆ.

"ಗೊತ್ತು ಮೇಷ್ಟ್ರೇ. ಕೂಡಿ ಬಂತಂತಲ್ಲ ಲೆಕ್ಕ."

"ಪಾಸಾದ್ರೆ ನೀನು ಹೋಗ್ಬೇಕಪ್ಪ. ಅಜ್ಜೀನ ಮುಟ್ಟೋ ಹಾಗಿಲ್ಲ. ಬೇಡ ಅನ್ಸಿದ್ರೆ ಈಗ್ಲೇ ಹೋಗಿ ಒಂದು ತಟ್ಟೆ ಮಾಂಸ ತಿನ್ನು. ನಾನು ಬಾಯಿ ಬಿಡಲ್ಲ."

ಅವನು ಹೆಜ್ಜೆ ನಿಲ್ಲಿಸಲಿಲ್ಲ. "ಇಪ್ಪತ್ತೆರಡು ವರ್ಷ ಅವರನ್ನೆಲ್ಲ ಆಟಕ್ಕೆ ಕರ್ಕೊಂಡು ಹೋದೆ. ಆಡಿ ಬಂದ್ರು, ಗೆದ್ದು ಬಂದ್ರು, ಹೊಡೆಸ್ಕೊಂಡು ಬಂದ್ರು. ಬೆಂಚು ಸಿಗೋ ತನಕ ನಾನು ಹೊರಗೆ ಟೈರಿಗೆ ಒರಗಿ ನಿಂತು ಕೂಗು ಕೇಳಿ ಲೆಕ್ಕ ಹಾಕ್ತಿದ್ದೆ. ಊರಿಗೆ ಬುಟ್ಟಿ ಕೆಳಗೆ ನಿಲ್ಲೋಕೆ ಒಬ್ಬ ಎತ್ತರದೋನು ಬೇಕು, ನನ್ನಿಂದ ಸಿಗ್ತಾನೆ. ಅಜ್ಜೀನ ಬಿಡೋಕೆ ಸಂಕಟ ಆಗತ್ತೆ ಮೇಷ್ಟ್ರೇ, ಸುಳ್ಳು ಯಾಕೆ. ಆದ್ರೆ ಪಾಸಾಗ್ತೀನಿ."

ಇನ್ನೊಂದು ಸುತ್ತು ಹೆಚ್ಚಿಗೆ ನಡೆದ. ಹಲಗೆಯ ಮೇಲೆ ನೂರ ಐವತ್ತೆರಡು.

ಸೋಮವಾರ ಕ್ಲೇತೊ ತನ್ನ ಪರೀಕ್ಷೆಗೆ ತಾನೇ ಬಸ್ಸು ಓಡಿಸಿಕೊಂಡು ಹೋದ. ಪಾಸಾಗುವವರೆಗೆ ಅದಲುಬದಲು ಪೂರ್ತಿಯಾಗಿರಲಿಲ್ಲವಾದ್ದರಿಂದ ಕಾನೂನಿನಂತೆ ಅವನಿನ್ನೂ ನಮ್ಮವನೇ. ಅಜ್ಜಿಯೊಳಗೆ ಅರ್ಧ ಊರು ತುಂಬಿತ್ತು. ವಿಲ್ನೆಲ್ಸನ್ ಕೂಡ ಬಂದಿದ್ದ. ಅವನೂ ಯಾದಿಯೆಲ್ಲೂ ಶನಿವಾರವೇ ಪಾಸಾಗಿದ್ದರು, ಉಳಿದದ್ದು ಒಬ್ಬನೇ.

ಪ್ಲಾಯಾ ಸೋರ್ದಾದ ದವಾಖಾನೆಯ ಮುಂದೆ ವಾದ್ಯದವರು, ರೇಡಿಯೊದವರು, ಹೂಮಾಲೆ ಹಿಡಿದ ಲಾಯರ್ ಸಿಂತ್ರೋನ್, ಅವನ ಹಿಂದೆ ಏಡಿಗಳ ಇಡೀ ತಂಡ. ಬಸ್ಸಿನಿಂದ ಒಬ್ಬೊಬ್ಬರಾಗಿ ಇಳಿದೆವು. ಸಿಂತ್ರೋನ್ ಎಲ್ಲರನ್ನೂ ದಾಟಿ ಒಳಗೆ ಇಣುಕಿದ.

"ಎಲ್ಲಿ ಮರೇರೊ?"

"ನಾನೇ," ಎಂದ ಕ್ಲೇತೊ, ಹ್ಯಾಂಡ್ ಬ್ರೇಕ್ ಎಳೆಯುತ್ತ.

"ನೀನು ಡ್ರೈವರ್."

"ಅದೂ ಹೌದು."

ವಾದ್ಯದವರು ಒಂದು ಸಾಲು ಬಾರಿಸಿ ನಿಲ್ಲಿಸಿದರು. ಸಿಂತ್ರೋನ್ ಹೂಮಾಲೆಯನ್ನು ಬೆನ್ನ ಹಿಂದೆ ಸರಿಸಿದ. ಮೋಸ ಹೋದೆನೆಂದು ಬಾಯಿಬಿಟ್ಟು ಹೇಳಿದರೆ ರೇಡಿಯೊದಲ್ಲಿ ಮಾನ ಹರಾಜು. ಬಾಯಿ ಬಿಡದಿದ್ದರೆ ಡ್ರೈವರ್ ಗಂಟುಬೀಳುತ್ತಾನೆ. ಅವನ ಮುಂದೆ ಉಳಿದದ್ದು ಒಂದೇ ದಾರಿ: ಕ್ಲೇತೊ ಫೇಲಾಗಬೇಕು. ಅವನು ಡಾಕ್ಟರ್ ಪಗಾನ್ ಕಡೆ ತಿರುಗಿದ. ಆಕೆ ಅವರ ತಂಡದ ವೈದ್ಯೆ, ಮೂಗಿನ ಮೇಲೆ ಕನ್ನಡಕ, ಮುಖದಲ್ಲಿ ನಗುವಿನ ಸುಳಿವಿಲ್ಲ.

"ಡಾಕ್ಟ್ರೇ, ಮೊದಲು ಎತ್ತರ ಅಳೀರಿ. ಪಟ್ಟಿಯಲ್ಲಿ ಆರಡಿ ಎರಡು ಅಂತಿದೆ."

ಅಳತೆಪಟ್ಟಿ ಐದಡಿ ಐದಕ್ಕೆ ನಿಂತಿತು. ಸಿಂತ್ರೋನ್ ಜಯಶಾಲಿಯಾಗಿ ಸುತ್ತ ನೋಡಿದ. "ಬರ್ಕೊಳಿ. ಮೋಸ. ರದ್ದು."

ಡಾನ್ ಎಫ್ರೆನ್ ಕೆಮ್ಮಿದರು. "ಆಗ್ಲಿ. ಆದ್ರೆ ಅದೇ ಪಟ್ಟಿಯಲ್ಲಿ ನಿಮ್ಮ ವಿಲ್ನೆಲ್ಸನ್ ಏಳಡಿ ಅಂತ ಬರ್ದಿದೀರಿ. ನನ್ನ ಅಂಗಡಿ ಬಾಗಿಲು ಆರಡಿ ಒಂಬತ್ತು. ಹುಡುಗ ತಲೆ ಬಗ್ಗಿಸ್ದೆ ಒಳಗೆ ಬಂದ. ಟೇಪು ಹೊರಗೆ ಬಂದಿದೆಯಲ್ಲ, ನಿಮ್ಮೋರನ್ನೆಲ್ಲ ಸಾಲಾಗಿ ನಿಲ್ಸಿ. ಎಲ್ಲರನ್ನೂ ಅಳ್ಯೋಣ. ರೇಡಿಯೊದೋರೂ ಇದಾರೆ."

ಏಡಿಗಳ ತಂಡದಲ್ಲಿ ಒಬ್ಬೊಬ್ಬರೂ ನೆಲ ನೋಡತೊಡಗಿದರು. ಇಬ್ಬರು ಹಿಮ್ಮಡಿ ಎತ್ತಿ ನಿಂತರು. ಸಿಂತ್ರೋನ್ ಅಳತೆಪಟ್ಟಿಯನ್ನು ಡಾಕ್ಟರ ಕೈಯಿಂದ ಮೆಲ್ಲಗೆ ತೆಗೆದು ತನ್ನ ಜೇಬಿಗೆ ಹಾಕಿಕೊಂಡ.

"ಎತ್ತರ ಮುಖ್ಯ ಅಲ್ಲ," ಎಂದ. "ರಕ್ತದೊತ್ತಡ ನೋಡಿ."

ಒಳಗೆ ಬಿಳಿ ಕೋಣೆ, ಬಿಳಿ ಕುರ್ಚಿ, ಗೋಡೆಯ ಮೇಲೆ ಹೃದಯದ ಚಿತ್ರ. ಕ್ಲೇತೊನ ತೋಳಿಗೆ ಪಟ್ಟಿ ಸುತ್ತಿದರು. ಡೋನ್ಯಾ ಪ್ರೋವಿ ಜಪಮಾಲೆ ಹಿಡಿದು ಕಿಟಕಿಗೆ ಮೂಗು ಒತ್ತಿದ್ದಳು. ನೂರ ಎಪ್ಪತ್ತನಾಲ್ಕು. ನಮ್ಮ ಕಡೆಯವರ ಮುಖದಲ್ಲಿ ರಕ್ತವೇ ಇಲ್ಲ.

"ಮುಗೀತು," ಎಂದ ಸಿಂತ್ರೋನ್.

"ಮುಗ್ದಿಲ್ಲ," ಎಂದರು ಡಾಕ್ಟರ್ ಪಗಾನ್. "ವಿಶ್ರಾಂತಿ ಕೊಟ್ಟು ಇನ್ನೊಂದ್ಸಲ ನೋಡ್ಬೇಕು ಅಂತಿದೆ ನಿಯಮ. ಹತ್ತು ನಿಮಿಷ ಕೂತ್ಕೊಳಿ."

"ಡಾಕ್ಟ್ರೇ," ಎಂದು ಮಿಗ್ದಾಲಿಯಾ ಮುಂದೆ ಬಂದಳು, "ಈ ಮನುಷ್ಯನಿಗೆ ಇಂಥ ಕುರ್ಚೀಲಿ ಕೂತು ಗೊತ್ತಿಲ್ಲ. ಮದ್ವೆ ದಿನವೂ ಕುರ್ಚೀಲಿ ಬೆವರ್ತಿದ್ದ. ಇವನು ಕೂತ್ಕೊಳೋ ಜಾಗ ಒಂದೇ. ಅದು ಹೊರಗಿದೆ."

ಡಾಕ್ಟರ್ ಫಾರಂ ತಿರುವಿ ನೋಡಿದರು. "ಎಲ್ಲಿ ಕೂರಿಸ್ಬೇಕು ಅಂತ ಇದರಲ್ಲಿ ಬರ್ದಿಲ್ಲ," ಎಂದು ಯಂತ್ರ ಎತ್ತಿಕೊಂಡು ಹೊರಟರು.

ಕ್ಲೇತೊ ಅಜ್ಜಿಯೊಳಗೆ ಹತ್ತಿ ತನ್ನ ಸೀಟಿನಲ್ಲಿ ಕೂತ. ಎಡಗೈ ಸ್ಟೀರಿಂಗ್ ಮೇಲೆ ಇಟ್ಟ, ಬಲಗೈಯನ್ನು ಡಾಕ್ಟರಿಗೆ ಕೊಟ್ಟ. ಎದುರಿನ ಕನ್ನಡಿಯನ್ನು ಸ್ವಲ್ಪ ಸರಿಮಾಡಿದ. ಅವನ ಭುಜಗಳು ಒಂದೊಂದಾಗಿ ಇಳಿದವು. ಸಿಂತ್ರೋನ್ ಮೆಟ್ಟಿಲು ಹತ್ತಿ ಬಂದು ಶುರುಮಾಡಿದ: "ಇದು ಯಾವ ಕಾನೂನು, ನಾನು ಕೋರ್ಟಿಗೆ..."

ಡಾಕ್ಟರ್ ತಲೆ ಎತ್ತದೆ ಮೇಲಿನ ಬೋರ್ಡಿನ ಕಡೆ ಬೆರಳು ತೋರಿಸಿದರು. "ಆಟಗಾರರೇ ಮಾತಾಡಕೂಡದು ಅಂದ್ಮೇಲೆ ಮಾಲೀಕರೂ ಅಷ್ಟೇ. ಬಾಯಿ ಮುಚ್ಚಿ."

ಹತ್ತು ನಿಮಿಷ ಕಳೆಯಿತು. ತೋಳಿನ ಪಟ್ಟಿಯಿಂದ ಗಾಳಿ ಹೋಗುವ ಸದ್ದಾಯಿತು. ಡಾಕ್ಟರ್ ಕನ್ನಡಕ ಮೇಲೇರಿಸಿ ಓದಿದರು.

"ನೂರ ಮೂವತ್ತಾರು. ಪಾಸ್."

ನಮ್ಮವರು ಕೂಗಿದ ಕೂಗಿಗೆ ಸಮುದ್ರದ ಹಕ್ಕಿಗಳು ಎದ್ದವು. ಡೋನ್ಯಾ ಪ್ರೋವಿ ಅಳಿಯನಿಗೆ ದೃಷ್ಟಿ ತೆಗೆದಳು. ಸಿಂತ್ರೋನ್ ರೇಡಿಯೊದವನ ಮುಂದೆ ನಿಂತು, ಅನುಭವಕ್ಕೆ ಬೆಲೆ ಕಟ್ಟಲಾಗದೆಂದು ಹೇಳುತ್ತಿದ್ದ. ಕ್ಲೇತೊ ಕೀಲಿ ತೆಗೆದು ಡಾನ್ ಎಫ್ರೆನ್ ಕೈಗೆ ಕೊಟ್ಟು, ಸ್ಟೀರಿಂಗನ್ನು ಒಮ್ಮೆ ಸವರಿ ಕೆಳಗಿಳಿದ. ಅವನ ಕಣ್ಣಲ್ಲಿ ನೀರಿತ್ತು. ನಮ್ಮ ಕಣ್ಣಲ್ಲೂ ಇತ್ತು.

ಅಳುವುದು ಮುಗಿದ ಮೇಲೆ ನಮಗೆ ತಿಳಿದದ್ದು, ಮನೆಗೆ ಹೋಗಲು ಡ್ರೈವರಿಲ್ಲ.

ಮೊದಲು ಡಾನ್ ಎಫ್ರೆನ್ ಕೂತರು. ಅಜ್ಜಿ ಮೊದಲ ಗೇರಿನಲ್ಲಿ ಇಪ್ಪತ್ತು ಗಜ ಹೋಗಿ, ಎರಡನೆಯದಕ್ಕೆ ಕಿರ್ರೆಂದು ಕಿರುಚಿ ನಿಂತಿತು. ಪೊಲೀಸರಲ್ಲೊಬ್ಬ ಕೂತ, ಹಿಂದಕ್ಕೆ ಹೋಯಿತು. ವಿಲ್ನೆಲ್ಸನ್ ಕೂತರೆ ಮೊಣಕಾಲು ಕಿವಿಗೆ ಬಂತು. ಕ್ಲೇತೊ ರಸ್ತೆಯ ಬದಿಯಲ್ಲಿ ಅತ್ತೆಯ ಪಕ್ಕ ನಿಂತು, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಚಡಪಡಿಸುತ್ತಿದ್ದ. ಬಾಯಿ ಬಿಟ್ಟು ಹೇಳಿಕೊಟ್ಟರೂ ಅದು ಕೆಲಸವೇ. ಸಿಂತ್ರೋನ್ ನಿಯಮದ ಪುಸ್ತಕ ಹಿಡಿದು ಪಕ್ಕದಲ್ಲೇ ನಿಂತಿದ್ದ.

"ಏಳಿ ಆ ಕಡೆ," ಎಂದಳು ಮಿಗ್ದಾಲಿಯಾ. ಚಪ್ಪಲಿ ಬಿಚ್ಚಿ ಸೀಟಿನ ಕೆಳಗೆ ತಳ್ಳಿದಳು. ಮೊದಲ ಗೇರು. ಕ್ಲಚ್ಚನ್ನು ಎರಡು ಸಲ ತುಳಿದಳು, ಗೇರಿನ ಕೋಲನ್ನು ತನ್ನ ಕಡೆ ಎಳೆದು, ಮೊಣಕಾಲಿನಿಂದ ಒಂದು ಗುದ್ದು ಕೊಟ್ಟಳು. ಎರಡನೆಯದು ಬೆಣ್ಣೆಯಂತೆ ಬಿತ್ತು. ಇಪ್ಪತ್ತೆರಡು ವರ್ಷ ಹಿಂದಿನ ಸೀಟಿನಲ್ಲಿ ಅವಳು ಬರೀ ಮಾತಾಡಿರಲಿಲ್ಲ, ನೋಡಿಯೂ ಇದ್ದಳು.

ತಿರುವಿನಲ್ಲಿ ನಾನು ಹಿಂದಿನ ಗಾಜಿನಿಂದ ನೋಡಿದೆ. ಕ್ಲೇತೊ ತಲೆ ಓರೆಮಾಡಿ ಕಿವಿಗೊಟ್ಟು ನಿಂತಿದ್ದ. ಮೂರನೇ ಗೇರು ಬಿದ್ದಾಗ ತಲೆಯಾಡಿಸಿದ.

ಎರಡು ತಿಂಗಳ ಮೇಲೆ ಕೊನೆಯ ಪಂದ್ಯ ಬಂತು. ವಿಚಿತ್ರವೆಂದರೆ ಅದು ಏಡಿಗಳ ಮೇಲೆಯೇ, ನಮ್ಮೂರಲ್ಲೇ. ಗೆದ್ದರೆ ಎಂಟರಲ್ಲಿ ನಾವು. ಹತ್ತು ಸೆಕೆಂಡ್ ಉಳಿದಾಗ ನಾವು ಒಂದೇ ಅಂಕ ಮುಂದೆ. ಗಡಿಯಾರ ನಿಲ್ಲಿಸಲು ಏಡಿಗಳು ಫೌಲ್ ಮಾಡಲೇಬೇಕು. ಆದರೆ ಅವರಲ್ಲಿ ಅರ್ಧ ಜನ ಫೌಲ್ ತುಂಬಿ ಹೊರಗಾಗಿದ್ದರು, ಉಳಿದವರು ಅಂಚಿನಲ್ಲಿದ್ದರು. ಅವರ ಕೋಚು ಬೆಂಚಿನ ಉದ್ದಕ್ಕೂ ನೋಡಿ, ಕೊನೆಯಲ್ಲಿ ಕಣ್ಣು ನಿಲ್ಲಿಸಿ, ನಿಟ್ಟುಸಿರಿಟ್ಟ.

ಕ್ಲೇತೊ ಎದ್ದ. ಇಡೀ ಲೊಮಾರೊಸಾ ತನ್ನ ಶತ್ರುವಿಗಾಗಿ ಎದ್ದು ನಿಂತಿತು.

ಚೆಂಡು ವಿಲ್ನೆಲ್ಸನ್ ಕೈಗೆ ಬಂತು. ಕ್ಲೇತೊ ಓಡಿಹೋಗಿ ಅವನ ಸೊಂಟವನ್ನು ಎರಡೂ ಕೈಯಿಂದ ಬಳಸಿ ಹಿಡಿದ. ಮುಖ ಅವನ ಹೊಟ್ಟೆಗೆ ಹೂತು ಹೋಗಿತ್ತು. ಸೀಟಿ ಊದಿದರೂ ಬಿಡಲಿಲ್ಲ.

"ಬಿಡಿ ಕ್ಲೇತೊ ಅಣ್ಣ, ಊದಿದ್ರು," ಎಂದ ವಿಲ್ನೆಲ್ಸನ್.

"ಸರಿಯಾಗಿ ಹಾಕು," ಎಂದ ಕ್ಲೇತೊ ಹೊಟ್ಟೆಯೊಳಗಿಂದ. "ನಾನು ನೂರ ಮೂವತ್ತಾರಕ್ಕೆ ಇಳಿದಿದ್ದು ಸುಮ್ನೆ ಅಲ್ಲ."

ವಿಲ್ನೆಲ್ಸನ್ ಎರಡು ಫ್ರೀ ಥ್ರೋ ಎಸೆದ. ಎರಡೂ ಬಿದ್ದವು. ಉಳಿದ ಸೆಕೆಂಡುಗಳಲ್ಲಿ ಏಡಿಗಳ ಕೈಲಿ ಏನೂ ಆಗಲಿಲ್ಲ. ಹತ್ತೊಂಬತ್ತು ವರ್ಷದ ಮೇಲೆ ಎಂಟರಲ್ಲಿ ನಾವು. ಆ ಗದ್ದಲದಲ್ಲಿ ನಾನು ಪುಸ್ತಕದ ಮೇಲೆ ಬಗ್ಗಿ, ಎದುರು ತಂಡದ ಕೊನೆಯ ಸಾಲಿನಲ್ಲಿ 'ಅ. ಮರೇರೊ' ಎಂಬ ಹೆಸರಿನ ಮುಂದೆ ಒಂದು ಫೌಲಿನ ಗುರುತು ಹಾಕಿದೆ. ಗುರುತು ಸ್ವಲ್ಪ ದೊಡ್ಡದೇ ಆಯಿತು.

ಮುಂದಿನ ಸುತ್ತಿನಲ್ಲಿ ನಾವು ಸೋತದ್ದು ಬೇರೆ ಮಾತು. ಋತು ಮುಗಿದ ಮರುದಿನ ಕ್ಲೇತೊ ಬಾಡಿಗೆ ಕಾರಿನಲ್ಲಿ ಊರಿಗೆ ಬಂದ. ಅಂಗಡಿಯ ಮುಂದೆ ಅಜ್ಜಿ ನಿಂತಿತ್ತು. ಹುಡುಗರೆಲ್ಲ ಒಳಗಿದ್ದರು, ಸಮುದ್ರಕ್ಕೆ ಪಿಕ್ನಿಕ್ ಹೊರಟಿದ್ದರು. ಮಿಗ್ದಾಲಿಯಾ ಸ್ಟೀರಿಂಗ್ ಹಿಂದೆ ಕೂತಿದ್ದಳು. ಕ್ಲೇತೊ ಮೆಟ್ಟಿಲು ಹತ್ತಿ ಕೈ ಚಾಚಿದ.

"ಕೀಲಿ ಕೊಡು."

"ಡ್ರೈವರ್ ಜಾಗ ತುಂಬಿದೆ," ಎಂದಳು ಅವಳು. "ಸಂಬಳವೂ ಗೊತ್ತಾಗಿದೆ. ಒಂದೂವರೆ ಸಾವಿರ. ಪಟ್ಟಿಯಲ್ಲಿ ಹನ್ನೆರಡನೇ ಆಟಗಾರನ ಜಾಗ ಖಾಲಿ ಇದೆ, ಬೇಕಾದ್ರೆ ಡಾನ್ ಎಫ್ರೆನ್‌ನ ಕೇಳು."

ಕ್ಲೇತೊ ಡಾನ್ ಎಫ್ರೆನ್ ಕಡೆ ನೋಡಿದ. ಡಾನ್ ಎಫ್ರೆನ್ ನನ್ನ ಕಡೆ ನೋಡಿದರು. ನಾನು ಲೆಕ್ಕ ಹಾಕಿ, ಕೂಡಿ ಬರುತ್ತದೆಂದು ತಲೆಯಾಡಿಸಿದೆ.

ಕ್ಲೇತೊ ಅವಳ ಹಿಂದಿನ ಸೀಟಿನಲ್ಲಿ, ಅವಳು ಇಪ್ಪತ್ತೆರಡು ವರ್ಷ ಕೂತಿದ್ದ ಜಾಗದಲ್ಲಿ ಕೂತ. ಬಸ್ಸು ಹೊರಟಿತು. ಮೊದಲ ತಿರುವು ಬರುತ್ತಿದ್ದಂತೆ ಅವನು ಮುಂದೆ ಬಾಗಿದ. "ಇಲ್ಲಿ ಸ್ವಲ್ಪ ಮುಂಚೆನೇ ಕ್ಲಚ್ಚು..."

ಮಿಗ್ದಾಲಿಯಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಒಂದು ಬೆರಳೆತ್ತಿ ಗಾಜಿನ ಮೇಲಿನ ಬೋರ್ಡನ್ನು ತೋರಿಸಿದಳು. ಕ್ಲೇತೊ ತಾನೇ ಬರೆದದ್ದನ್ನು ಓದಿ, ಹಿಂದಕ್ಕೆ ಒರಗಿ ಬಾಯಿ ಮುಚ್ಚಿಕೊಂಡ.